ಸಹಿ ಯಾರದು, ಮೈದಾನ ಯಾರದು

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಎಂದರೆ ಹೈದರ್ ಅಲಿ ಹುಟ್ಟಿದ ಊರು ಎಂದು ಚರಿತ್ರೆ ಓದಿದವರಿಗೆಲ್ಲ ಗೊತ್ತು. ಅದೇ ಊರಿಗೆ ಅಷ್ಟಾಗಿ ಮಾತಿಗೆ ಬಾರದ ಇನ್ನೊಂದು ಚರಿತ್ರೆಯೂ ಇದೆ. ಊರು ಇದ್ದಲ್ಲೇ ಇತ್ತು, ಅದರ ವಿಶ್ವವಿದ್ಯಾಲಯ ಮಾತ್ರ ಮೂರು ಸಲ ಬದಲಾಯಿತು. 1916ರ ತನಕ ಮೈಸೂರು ಸಂಸ್ಥಾನದ ಕಾಲೇಜುಗಳು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಆ ವರ್ಷದ ಜುಲೈನಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು, ಕೋಲಾರ ಸೀಮೆ ಅದರ ಪಾಲಿಗೆ ಬಂತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಆಯಿತು, ಮುಂದೆ ಸೀಮೆ ಅದಕ್ಕೆ ಸೇರಿತು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಭಾಗವಾದಾಗ ಬೂದಿಕೋಟೆ, ಬಂಗಾರಪೇಟೆ, ಕೆಜಿಎಫ್ ಎಲ್ಲವೂ ಕೋಲಾರದ ಟಮಕದಲ್ಲಿ ಕಚೇರಿ ತೆರೆದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು. ಇಷ್ಟು ಬದಲಾವಣೆಯ ನಡುವೆ ಒಂದು ಪ್ರಶ್ನೆಗೆ ಮಾತ್ರ ಯಾರೂ ನೇರವಾಗಿ ಉತ್ತರ ಕೊಟ್ಟಂತೆ ಕಾಣುವುದಿಲ್ಲ. ವಿಶ್ವವಿದ್ಯಾಲಯದ ಆಟೋಟದ ಹೊಣೆ ಹೊರುವವನನ್ನು ನೇಮಿಸುವವರು ಯಾರು? ನೇಮಿಸಿದ ಮೇಲೆ ಅವನು ಯಾರಿಗೆ ಉತ್ತರ ಕೊಡಬೇಕು? ಕಾಗದದಲ್ಲಿ ಆ ಹುದ್ದೆಯ ಹೆಸರು ದೈಹಿಕ ಶಿಕ್ಷಣ ಮತ್ತು ಕ್ರೀಡಾ ನಿರ್ದೇಶಕ. ಕಾಲೇಜು ಹುಡುಗರ ಬಾಯಲ್ಲಿ ಪಿ.ಇ. ಡೈರೆಕ್ಟರು, ಹಳಬರ ಬಾಯಲ್ಲಿ ಇವತ್ತಿಗೂ ಪಿ.ಟಿ. ಮೇಷ್ಟ್ರು.

ಈ ಹುದ್ದೆಯ ಸುತ್ತ ಎದ್ದ ತಕರಾರುಗಳನ್ನು ಕುಲಪತಿಗೂ ಸಿಂಡಿಕೇಟಿಗೂ ಆದ ಮನಸ್ತಾಪವೆಂದೋ, ಸರ್ಕಾರಕ್ಕೂ ರಾಜಭವನಕ್ಕೂ ನಡೆದ ಹಗ್ಗಜಗ್ಗಾಟವೆಂದೋ ಓದುವುದು ವಾಡಿಕೆ. ಆ ಓದು ಸುಳ್ಳಲ್ಲ, ಆದರೆ ಅದು ಬುಡಕ್ಕೆ ಹೋಗುವುದಿಲ್ಲ. ನೂರು ವರ್ಷದ ದಾಖಲೆಯನ್ನು ಜೋಡಿಸಿ ನೋಡಿದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಕ್ರೀಡಾ ನಿರ್ದೇಶಕ ಪಾಠ ಹೇಳುವ ಅಧ್ಯಾಪಕನೋ, ಕಡತ ನೋಡುವ ಅಧಿಕಾರಿಯೋ, ಪಂದ್ಯಾವಳಿ ನಡೆಸಿಕೊಡುವ ವ್ಯವಸ್ಥಾಪಕನೋ ಎಂಬುದನ್ನು ನಮ್ಮ ವಿಶ್ವವಿದ್ಯಾಲಯಗಳು ಮೊದಲೇ ಇತ್ಯರ್ಥ ಮಾಡಿಕೊಳ್ಳಲಿಲ್ಲ. ಕೆಲಸ ಏನೆಂದು ಗೊತ್ತಿರದ ಹುದ್ದೆಯ ಮೇಲೆ ಎಲ್ಲರೂ ಹಕ್ಕು ಹೂಡಬಹುದು, ಅದು ಖಾಲಿ ಬಿದ್ದರೆ ಯಾರನ್ನೂ ಕೇಳುವಂತಿಲ್ಲ. ಕೋಲಾರ ಸೀಮೆಯಂಥ ಅಂಚಿನ ಪ್ರದೇಶದಲ್ಲಿ ಇದರ ಪೆಟ್ಟು ಇಮ್ಮಡಿ. ಇಲ್ಲಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಪಿ.ಇ. ಡೈರೆಕ್ಟರನ್ನು ನೇಮಿಸುವುದು ಸರ್ಕಾರ, ಅವರು ಕಾಲೇಜು ಶಿಕ್ಷಣ ಇಲಾಖೆಯ ನೌಕರರು. ಆ ಕಾಲೇಜಿನ ತಂಡ ಯಾವ ಅಂತರ ಕಾಲೇಜು ಪಂದ್ಯಾವಳಿಗೆ ಹೋಗಬೇಕು, ಅಲ್ಲಿಂದ ಯಾರು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಬೇಕು ಎಂದು ತೀರ್ಮಾನಿಸುವುದು ವಿಶ್ವವಿದ್ಯಾಲಯದ ನಿರ್ದೇಶಕರ ಕಚೇರಿ. ಇಬ್ಬರ ಸಂಬಳ ಬೇರೆ, ಮೇಲಧಿಕಾರಿ ಬೇರೆ, ವರ್ಗಾವಣೆಯ ದಾರಿ ಬೇರೆ. ಒಬ್ಬರ ಕುರ್ಚಿ ಖಾಲಿಯಾದರೆ ಇನ್ನೊಬ್ಬರಿಗೆ ಕೇಳುವ ಅಧಿಕಾರವಿಲ್ಲ.

ಹುದ್ದೆ ಬೆಳೆದು ಬಂದ ಬಗೆಯಲ್ಲೇ ಈ ಗೊಂದಲದ ಬೇರಿದೆ. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿ, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. ವಿದ್ಯೆ ಎಂದರೆ ಪುಸ್ತಕ, ಪ್ರಯೋಗಶಾಲೆ, ಪರೀಕ್ಷೆ ಎಂಬ ಕಾಲ ಅದು. ಆಟ ಇರಲಿಲ್ಲವೆಂದಲ್ಲ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಮೈದಾನ ಕ್ರಿಕೆಟ್ಟಿಗೆ ಹೆಸರಾದದ್ದೇ. ಆದರೆ ಆಟ ಪಾಠ ಮುಗಿದ ಮೇಲಿನ ವಿಷಯವಾಗಿತ್ತು, ಅದಕ್ಕೆಂದೇ ಕಲಿತ ವೃತ್ತಿಯವರು ಬೇಕೆಂಬ ಯೋಚನೆ ನಿಧಾನವಾಗಿ ಬಂತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವನು ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ತೆರೆದ ಮೇಲೆ ದಕ್ಷಿಣದಲ್ಲಿ ಈ ವಿದ್ಯೆಗೆ ತರಬೇತಿ ಪಡೆದವರು ಸಿಗತೊಡಗಿದರು. 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿ ಆಯಿತು. 1930ರ ದಶಕದಲ್ಲಿ ವಿಶ್ವವಿದ್ಯಾಲಯಗಳ ನಡುವೆ ಕ್ರಿಕೆಟ್ಟಿನ ರೋಹಿಂಟನ್ ಬಾರಿಯಾ ಟ್ರೋಫಿ ಶುರುವಾಯಿತು. ಪಂದ್ಯಕ್ಕೆ ತಂಡ ಕಳಿಸಬೇಕೆಂದರೆ ಹುಡುಗರ ಅರ್ಹತಾ ಪತ್ರಕ್ಕೆ ಸಹಿ ಹಾಕಲು, ರೈಲು ಚಾರ್ಜು ಮಂಜೂರು ಮಾಡಿಸಲು, ಆಯ್ಕೆ ಪಂದ್ಯ ನಡೆಸಲು ಒಬ್ಬರು ಬೇಕಲ್ಲವೇ? ಹುದ್ದೆ ಹೀಗೆ ಸಂದರ್ಭದ ಅಗತ್ಯದಿಂದ ಹುಟ್ಟಿತು, ಶಿಕ್ಷಣದ ಒಂದು ಯೋಚನೆಯಿಂದ ಹುಟ್ಟಲಿಲ್ಲ. ಸ್ವಾತಂತ್ರ್ಯದ ಬಳಿಕ 1948-49ರ ರಾಧಾಕೃಷ್ಣನ್ ಆಯೋಗ ದೈಹಿಕ ಶಿಕ್ಷಣವನ್ನು ವಿದ್ಯಾರ್ಥಿಗಳಿಗೆ ಕಡ್ಡಾಯ ಮಾಡಬೇಕೆಂದು ಹೇಳಿದಾಗ ಈ ಕೊರತೆ ತುಂಬಿಕೊಳ್ಳಲು ಒಳ್ಳೆಯ ಅವಕಾಶವಿತ್ತು. ಆಯೋಗದ ಮಾತು ಗೌರವದಿಂದ ಅಚ್ಚಾಯಿತು, ಮೈದಾನದ ಮಟ್ಟಕ್ಕೆ ಇಳಿಯಲಿಲ್ಲ.

ಮುಂದೆ ನೇಮಕಾತಿಯ ಜಗಳಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದವು. ಅವುಗಳಲ್ಲಿ ಇಡೀ ದೇಶಕ್ಕೆ ದಾರಿ ಹಾಕಿದ ತೀರ್ಪು ಬಂದದ್ದು ನಮ್ಮ ರಾಜ್ಯದ ಪ್ರಕರಣವೊಂದರಲ್ಲೇ. ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷಿನ ಸಂಶೋಧನಾ ರೀಡರ್ ಹುದ್ದೆಗೆ ಅಣ್ಣಯ್ಯಗೌಡರನ್ನು ಮೈಸೂರು ವಿಶ್ವವಿದ್ಯಾಲಯ ನೇಮಿಸಿತ್ತು. ಸಿ.ಡಿ. ಗೋವಿಂದರಾವ್ ಅದನ್ನು ಪ್ರಶ್ನಿಸಿದರು. ಜಾಹೀರಾತು ಕೇಳಿದ್ದು ಪ್ರಥಮ ದರ್ಜೆ ಅಥವಾ ಉನ್ನತ ದ್ವಿತೀಯ ದರ್ಜೆಯ ಎಂ.ಎ., ಗೌಡರ ಮೈಸೂರು ಎಂ.ಎ. ಅಂಕ ಶೇಕಡ 50ಕ್ಕೆ ಸ್ವಲ್ಪವೇ ಮೇಲೆ. ಇದು ಉನ್ನತ ದ್ವಿತೀಯ ದರ್ಜೆ ಆಗುವುದಿಲ್ಲವೆಂದು ಹೈಕೋರ್ಟು ನೇಮಕ ರದ್ದು ಮಾಡಿತು. ಗೌಡರಿಗೆ ಡರ್ಹಮ್ ವಿಶ್ವವಿದ್ಯಾಲಯದ ಎಂ.ಎ. ಪದವಿಯೂ ಇತ್ತು, ಅದನ್ನು ನೇಮಕಾತಿ ಮಂಡಳಿ ಲೆಕ್ಕಕ್ಕೆ ತೆಗೆದುಕೊಂಡಿರಬಹುದು ಎಂದು ಸುಪ್ರೀಂ ಕೋರ್ಟು 1963ರ ಆಗಸ್ಟಿನಲ್ಲಿ ಹೈಕೋರ್ಟಿನ ಆದೇಶವನ್ನು ತಳ್ಳಿಹಾಕಿತು. ವಿಷಯ ತಜ್ಞರು ಕೂತು ಆರಿಸಿದ್ದಾರೆ, ದುರುದ್ದೇಶದ ಆರೋಪವಿಲ್ಲ ಎಂದಮೇಲೆ ನ್ಯಾಯಾಲಯ ಕೈಹಾಕಲು ಹಿಂದೆಮುಂದೆ ನೋಡಬೇಕು ಎಂಬುದು ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬರೆದ ತೀರ್ಪಿನ ಸಾರ. ಅಲ್ಲಿಂದ ಈಚೆಗೆ ವಿಶ್ವವಿದ್ಯಾಲಯದ ನೇಮಕ ಕುರಿತ ಮೊಕದ್ದಮೆಗಳಲ್ಲಿ ಈ ತೀರ್ಪು ಮತ್ತೆಮತ್ತೆ ಉಲ್ಲೇಖವಾಗುತ್ತ ಬಂದಿದೆ. ತೀರ್ಪು ಸರಿಯಾದದ್ದೇ. ಆದರೆ ಅದು ಒಂದು ಮಾತನ್ನು ಒಪ್ಪಿಕೊಂಡು ಮುಂದಕ್ಕೆ ಹೋಗುತ್ತದೆ, ಹುದ್ದೆಯ ವಿಷಯದಲ್ಲಿ ತಜ್ಞರು ಯಾರು ಎಂಬುದು ಎಲ್ಲರಿಗೂ ಗೊತ್ತಿದೆ ಎಂದು. ಇಂಗ್ಲಿಷ್ ರೀಡರ್ ಆಯ್ಕೆಗೆ ಇಂಗ್ಲಿಷ್ ಪ್ರಾಧ್ಯಾಪಕರು ತಜ್ಞರು. ಕ್ರೀಡಾ ನಿರ್ದೇಶಕರ ಆಯ್ಕೆಗೆ? ಹಳೆಯ ಆಟಗಾರನೇ, ತರಬೇತುದಾರನೇ, ದೈಹಿಕ ಶಿಕ್ಷಣದ ಪ್ರಾಧ್ಯಾಪಕನೇ, ಪಂದ್ಯಾವಳಿ ನಡೆಸಿ ಪಳಗಿದ ಕ್ರೀಡಾ ಸಂಘದ ಕಾರ್ಯದರ್ಶಿಯೇ? ಕೆಲಸ ಇತ್ಯರ್ಥವಾಗದ ಕಡೆ ತಜ್ಞತೆಯೂ ಇತ್ಯರ್ಥವಾಗದು. ಆ ಸಡಿಲಿನಲ್ಲಿ ಯಾರ ಪ್ರಭಾವ ಹೆಚ್ಚೋ ಅವರ ಮಾತೇ ತಜ್ಞರ ಮಾತಾಗಿಬಿಡುತ್ತದೆ.

ಹುದ್ದೆ ಯಾವ ಜಾತಿಗೆ ಸೇರಿದ್ದೆಂಬ ಪ್ರಶ್ನೆಯೇ ಸುಪ್ರೀಂ ಕೋರ್ಟಿನ ಮುಂದೆ ನಿಂತದ್ದು 1997ರಲ್ಲಿ, ಪಕ್ಕದ ಆಂಧ್ರದ ಒಂದು ಪ್ರಕರಣದಲ್ಲಿ. ಪಿ.ಎಸ್. ರಾಮಮೋಹನ ರಾವ್ ಆಂಧ್ರ ಪ್ರದೇಶ ಕೃಷಿ ವಿಶ್ವವಿದ್ಯಾಲಯದಲ್ಲಿ ಫಿಸಿಕಲ್ ಡೈರೆಕ್ಟರ್. ಅಲ್ಲಿ ಅಧ್ಯಾಪಕರಾದರೆ 60ಕ್ಕೆ ನಿವೃತ್ತಿ, ಇತರ ನೌಕರರಾದರೆ 58ಕ್ಕೆ. ವಿಶ್ವವಿದ್ಯಾಲಯ ಅವರನ್ನು ಎರಡನೆಯ ಸಾಲಿಗೆ ಸೇರಿಸಿತ್ತು. ಆಟದ ನಿಯಮ ಹೇಳಿಕೊಡುವುದು, ಕೌಶಲ ಮಾಡಿ ತೋರಿಸುವುದು, ವಿದ್ಯಾರ್ಥಿಯ ತಪ್ಪು ತಿದ್ದುವುದು ಇವೆಲ್ಲ ಬೋಧನೆಯೇ, ಬೋಧನೆ ಕೊಠಡಿಯೊಳಗೇ ನಡೆಯಬೇಕೆಂದಿಲ್ಲ, ಮೈದಾನದಲ್ಲೂ ನಡೆಯುತ್ತದೆ ಎಂದು ನ್ಯಾಯಾಲಯ ಹೇಳಿತು, ಅವರನ್ನು ಅಧ್ಯಾಪಕರೆಂದೇ ಎಣಿಸಿತು. ನನ್ನ ದೃಷ್ಟಿಯಲ್ಲಿ ಈ ವೃತ್ತಿಯ ಬಗ್ಗೆ ನಮ್ಮ ದೇಶದಲ್ಲಿ ಬಂದಿರುವ ಅತ್ಯಂತ ವಿವೇಕದ ಮಾತು ಇದು. ಮೈದಾನದಲ್ಲಿ ಬೆವರು ಸುರಿಸಿ ಕಲಿಸುವವನನ್ನು ಕಚೇರಿಯ ಸಿಬ್ಬಂದಿಯಂತೆ ಕಂಡ ರೂಢಿಗೆ ಅದು ಉತ್ತರ ಕೊಟ್ಟಿತು. ಆದರೆ ಪ್ರಕರಣ ನಿಂತಿದ್ದು ನಿವೃತ್ತಿ ವಯಸ್ಸಿನ ಮೇಲೆ, ಒಂದು ರಾಜ್ಯದ ಒಂದು ಕಾಯಿದೆಯಲ್ಲಿ 'ಅಧ್ಯಾಪಕ' ಎಂಬುದಕ್ಕೆ ಕೊಟ್ಟಿದ್ದ ವ್ಯಾಖ್ಯೆಯ ಮೇಲೆ. ಹೀಗಾಗಿ ಅದರ ಬೆಳಕು ಎರಡು ವರ್ಷದ ಸೇವಾವಧಿಯ ಸುತ್ತಲೇ ಉಳಿಯಿತು. ಅಧ್ಯಾಪಕನಾದವನಿಗೆ ಪಠ್ಯದಲ್ಲಿ, ವಿದ್ಯಾವಿಷಯಕ ಪರಿಷತ್ತಿನಲ್ಲಿ, ಮೈದಾನದ ಬಳಕೆಯಲ್ಲಿ ಎಷ್ಟು ಮಾತಿರಬೇಕು ಎಂಬ ಮುಂದಿನ ಪ್ರಶ್ನೆಯನ್ನು ವಿಶ್ವವಿದ್ಯಾಲಯಗಳು ತಾವಾಗಿ ಕೇಳಿಕೊಳ್ಳಲಿಲ್ಲ.

ಹಾಗೆಂದು ನಿಯಮಗಳೇ ಇಲ್ಲವೆನ್ನುವಂತಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2010ರಲ್ಲಿ, ಮತ್ತೆ 2018ರಲ್ಲಿ ಹೊರಡಿಸಿದ ನಿಬಂಧನೆಗಳಲ್ಲಿ ಈ ಹುದ್ದೆಗೆ ಬೇರೆಯೇ ಅಧ್ಯಾಯವಿದೆ. ಸಹಾಯಕ ನಿರ್ದೇಶಕ, ಉಪ ನಿರ್ದೇಶಕ, ನಿರ್ದೇಶಕ ಎಂಬ ಮೂರು ಮೆಟ್ಟಿಲು. ನಿರ್ದೇಶಕನಾಗಲು ದೈಹಿಕ ಶಿಕ್ಷಣದಲ್ಲಿ ಪಿಎಚ್.ಡಿ., ಹತ್ತು ವರ್ಷದ ಅನುಭವ, ಪಂದ್ಯಾವಳಿ ಮತ್ತು ಎರಡು ವಾರಕ್ಕೆ ಕಡಿಮೆಯಿಲ್ಲದ ತರಬೇತಿ ಶಿಬಿರ ನಡೆಸಿದ ದಾಖಲೆ, ಒಳ್ಳೆಯ ತಂಡ ಅಥವಾ ಕ್ರೀಡಾಪಟುಗಳನ್ನು ರೂಪಿಸಿದ ಪುರಾವೆ ಬೇಕು. ಸಂಬಳ ಪ್ರಾಧ್ಯಾಪಕರಿಗೆ ಸಮಾನ. ಇನ್ನೊಂದು ಷರತ್ತು ವಿಶ್ವವಿದ್ಯಾಲಯದ ಬೇರಾವ ಬೋಧಕ ಹುದ್ದೆಗೂ ಇಲ್ಲದ್ದು. ಅಭ್ಯರ್ಥಿ ಓಡಿ ತೋರಿಸಬೇಕು. ಗಂಡಸರಿಗೆ 12 ನಿಮಿಷ, ಹೆಂಗಸರಿಗೆ 8 ನಿಮಿಷ, ಓಡಿಯಾದರೂ ನಡೆದಾದರೂ. 30ರ ಒಳಗಿನ ಗಂಡಸು 1800 ಮೀಟರು, 40ರ ಒಳಗಿನವನು 1500, 45ರ ಒಳಗಿನವನು 1200, 50ರ ತನಕ 800 ಮೀಟರು ಮುಟ್ಟಬೇಕು. ಹೆಂಗಸರಿಗೆ ಇದೇ ವಯಸ್ಸಿನ ಸಾಲಿನಲ್ಲಿ 1000, 800, 600, 400. ಆಯ್ಕೆಗೆ ಬಂದ ಹಿರಿಯರು ವೈದ್ಯರ ಪತ್ರ ತೋರಿಸಿ, ಷೂ ಬಿಗಿದು, ಸ್ಟಾಪ್‌ವಾಚ್ ಹಿಡಿದವರ ಎದುರು ಸುತ್ತು ಎಣಿಸುತ್ತ ಓಡುವ ಈ ಪರೀಕ್ಷೆ ನನಗೆ ಗೌರವದ ವಿಷಯವಾಗಿ ಕಾಣುತ್ತದೆ. ಇಡೀ ನೇಮಕಾತಿಯಲ್ಲಿ ಯಾರ ಶಿಫಾರಸೂ ನಡೆಯದ ಜಾಗ ಅದೊಂದೇ, ಮೀಟರಿನ ಲೆಕ್ಕಕ್ಕೆ ಪಕ್ಷವಿಲ್ಲ. ಆದರೂ ನಿಬಂಧನೆಯಲ್ಲಿ ದೊಡ್ಡದೊಂದು ಕಂದರ ಉಳಿದಿದೆ. ಯಾರು ಆಗಬಹುದು ಎಂಬುದನ್ನು ಅದು ವಿವರವಾಗಿ ಹೇಳುತ್ತದೆ. ಆದವನು ಏನು ಮಾಡಬೇಕು, ಯಾವ ಹಣದ ಮೇಲೆ ಅವನಿಗೆ ಅಧಿಕಾರ, ಸಂಯೋಜಿತ ಕಾಲೇಜುಗಳಿಗೆ ಅವನು ಏನು ಕೊಡಬೇಕು ಎಂಬುದನ್ನು ಆಯಾ ವಿಶ್ವವಿದ್ಯಾಲಯಕ್ಕೆ, ಅಂದರೆ ಆಯಾ ಕಾಲದ ಕುಲಪತಿಗೆ, ಬಿಟ್ಟಂತಾಗಿದೆ.

ಕುಲಪತಿಯ ಕುರ್ಚಿಯೇ ಗಟ್ಟಿಯಾಗಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2017 ಮತ್ತು 2018 ಸಾಕ್ಷಿ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ 2000ರ ಪ್ರಕಾರ ನಾಲ್ವರ ಶೋಧನಾ ಸಮಿತಿ ಮೂರು ಹೆಸರು ಕೊಡುತ್ತದೆ. ಸಮಿತಿಯಲ್ಲಿ ಕುಲಾಧಿಪತಿ, ಧನಸಹಾಯ ಆಯೋಗ, ರಾಜ್ಯ ಸರ್ಕಾರ, ಸಿಂಡಿಕೇಟ್ ಹೀಗೆ ಒಂದೊಂದು ಕಡೆಯಿಂದ ಒಬ್ಬೊಬ್ಬರು. ಮೂವರಲ್ಲಿ ಒಬ್ಬರನ್ನು ಕುಲಾಧಿಪತಿಯಾದ ರಾಜ್ಯಪಾಲರು ಸರ್ಕಾರದ ಸಹಮತಿ ಪಡೆದು ನೇಮಿಸಬೇಕು. ಸಹಮತಿ ಹುಟ್ಟದಿದ್ದರೆ ಕಡತ ನಿಂತಲ್ಲೇ ನಿಲ್ಲುತ್ತದೆ. ಮೈಸೂರಿನಲ್ಲಿ ಕೆ.ಎಸ್. ರಂಗಪ್ಪನವರ ಅವಧಿ 2017ರ ಜನವರಿಯಲ್ಲಿ ಮುಗಿಯಿತು, ಜಿ. ಹೇಮಂತಕುಮಾರ್ ಪೂರ್ಣಾವಧಿಯ ಕುಲಪತಿಯಾಗಿ ಬಂದದ್ದು 2018ರ ನವೆಂಬರಿನಲ್ಲಿ. ಬೆಂಗಳೂರಿನಲ್ಲಿ ಬಿ. ತಿಮ್ಮೇಗೌಡರು 2017ರ ಫೆಬ್ರವರಿಯಲ್ಲಿ ಇಳಿದರು, ಕೆ.ಆರ್. ವೇಣುಗೋಪಾಲ್ ಬಂದದ್ದು 2018ರ ಜೂನಿನಲ್ಲಿ. ನಡುವೆ ಇದ್ದವರೆಲ್ಲ ಪ್ರಭಾರಿಗಳು. ಬೆಂಗಳೂರು ವಿಶ್ವವಿದ್ಯಾಲಯ ಮೂರಾಗಿ, ಕೋಲಾರ ಸೀಮೆಯ ಕಾಲೇಜುಗಳು ಹೊಸ ಮನೆಗೆ ಹೊರಟದ್ದು ಇದೇ ಹೊತ್ತಿಗೆ. ಹಳೆಯ ಮನೆಗೆ ಯಜಮಾನರಿಲ್ಲ, ಹೊಸ ಮನೆಯಲ್ಲಿ ಟಿ.ಡಿ. ಕೆಂಪರಾಜು ಮೊದಲ ಕುಲಪತಿಯಾಗಿ ಕೂತಾಗ ಎಲ್ಲವನ್ನೂ ಬುಡದಿಂದ ಕಟ್ಟಬೇಕಾಗಿತ್ತು. ಪರೀಕ್ಷೆ ನಿಲ್ಲಿಸುವಂತಿಲ್ಲ, ಅಂಕಪಟ್ಟಿ ತಡೆಯುವಂತಿಲ್ಲ. ತಡೆಯಬಹುದಾದದ್ದು ಆಟ. ಪ್ರಭಾರ ಕುಲಪತಿ ದೊಡ್ಡ ನೇಮಕಕ್ಕೆ ಕೈಹಾಕಲು ಅಂಜುತ್ತಾರೆ. ಹೊಸ ಹುದ್ದೆಗೆ ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕು, ಒಪ್ಪಿಗೆ ಕೇಳುವ ಪಟ್ಟಿಯಲ್ಲಿ ಕ್ರೀಡೆಯ ಸರದಿ ಯಾವಾಗಲೂ ಕೊನೆಗೆ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಈ ಹುದ್ದೆಗೆ ಒಪ್ಪುವಷ್ಟು ಬೇರೆ ಯಾವುದಕ್ಕೂ ಒಪ್ಪಲಾರದು.

ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಗಣಿತಕ್ಕೆ, ಕನ್ನಡಕ್ಕೆ, ರಸಾಯನಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡು ಕಾಲೇಜು ನಡೆಯುವಾಗ ಆಟದ ನಿರ್ದೇಶಕರ ಬಗ್ಗೆ ಇಷ್ಟು ಚಿಂತೆ ಏಕೆ? ಹೊಟ್ಟೆಗಿಲ್ಲದವನಿಗೆ ಜುಟ್ಟಿಗೆ ಮಲ್ಲಿಗೆ ಹೂವೇ? ಆಕ್ಷೇಪದ ಹಿಂದಿನ ಸಂಕಟ ನಿಜ. ಆದರೆ ಆಟವನ್ನು ಮಲ್ಲಿಗೆ ಹೂವೆಂದು ಎಣಿಸುವುದು ಊಟಕ್ಕೆ ಬೇರೆ ದಾರಿ ಇದ್ದವರ ಲೆಕ್ಕ. ಸರ್ಕಾರಿ ಪದವಿ ಕಾಲೇಜಿಗೆ ಬರುವ ಕೋಲಾರದ ಹುಡುಗ ಹುಡುಗಿಯರಲ್ಲಿ ಪೊಲೀಸ್, ಸೇನೆ, ರೈಲ್ವೆ, ಅರಣ್ಯ ಇಲಾಖೆಯ ಕೆಲಸಕ್ಕೆ ಕಾದಿರುವವರು ಬಹಳ. ಆ ಕೆಲಸಗಳಿಗೆ ದೇಹದಾರ್ಢ್ಯ ಪರೀಕ್ಷೆ ಇದೆ, ಕ್ರೀಡಾ ಮೀಸಲಾತಿ ಇದೆ. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ಒಂದು ಪ್ರಮಾಣಪತ್ರ ಬಡ ಕುಟುಂಬಕ್ಕೆ ಸರ್ಕಾರಿ ನೌಕರಿಯ ಬಾಗಿಲಾಗಬಲ್ಲದು. ಆ ಪ್ರಮಾಣಪತ್ರ ಸಿಗಬೇಕಾದರೆ ಆಯ್ಕೆ ಪಂದ್ಯದ ಸುತ್ತೋಲೆ ಬಂಗಾರಪೇಟೆಗೆ ಸಮಯಕ್ಕೆ ಮುಟ್ಟಬೇಕು, ಯಾರಾದರೂ ಅರ್ಹತಾ ಪತ್ರ ತುಂಬಿ ಕಳಿಸಬೇಕು, ದಿನಭತ್ಯೆ ಕೈಗೆ ಬರಬೇಕು. ಇವು ನಿರ್ದೇಶಕರ ಕೆಲಸ. ಅವರಿಲ್ಲದ ಕಡೆ ಗ್ರಂಥಪಾಲಕರೋ ಇತಿಹಾಸದ ಅಧ್ಯಾಪಕರೋ ಹೆಚ್ಚುವರಿ ಹೊಣೆಯಾಗಿ ನೋಡಿಕೊಳ್ಳುತ್ತಾರೆ. ಅವರಿಗೆ ಒಳ್ಳೆಯ ಮನಸ್ಸಿರಬಹುದು, ಲಾಂಗ್‌ಜಂಪಿನ ಹೆಜ್ಜೆ ತಿದ್ದಲು ಬರುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. ಸಮಿತಿ, ಸಿಂಡಿಕೇಟು, ಸಹಮತಿ ಎಂದು ಹತ್ತು ಕೈಗೆ ಅಧಿಕಾರ ಹಂಚಿದ್ದರಿಂದಲೇ ಕೆಲಸ ಕೆಟ್ಟಿತು, ಒಬ್ಬ ಯಜಮಾನನಿದ್ದರೆ ಆಟ ತಾನಾಗಿ ಬೆಳೆಯುತ್ತದೆ ಎನ್ನುವವರಿದ್ದಾರೆ. ಅವರು ತೋರಿಸುವ ಉದಾಹರಣೆ ಬೂದಿಕೋಟೆಗೆ ಸಮೀಪದ್ದೇ, ಕೋಲಾರದ ಚಿನ್ನದ ಗಣಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಾರಿಕೆ ವಹಿಸಿಕೊಂಡಿತು. 1885ಕ್ಕೆ ಕೆಜಿಎಫ್ ಕ್ಲಬ್ಬು ಬಂತು, ಗಾಲ್ಫ್ ಮೈದಾನವೂ ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ಹರಿಯಿತು. ಬೇತಮಂಗಲದ ಕೆರೆಯಿಂದ ನೀರು ಬಂತು. ಬಯಲುಸೀಮೆಯ ಬರಗಾಲದ ನಡುವೆ ಹುಲ್ಲು ಹಾಸಿದ ಅಂಗಳ ಎದ್ದಿತು. ಗಣಿಯ ಊರಿನಲ್ಲಿ ಹಾಕಿ, ಫುಟ್‌ಬಾಲು, ಕ್ರಿಕೆಟ್ಟು ಬೇರೂರಿದವು. ಇಲ್ಲಿ ಕಂಪನಿಯ ಆಡಳಿತಗಾರ ಹೇಳಿದರೆ ಮುಗಿಯಿತು, ಶೋಧನಾ ಸಮಿತಿಯ ಗೊಡವೆ ಇರಲಿಲ್ಲ. ಕಾರ್ಖಾನೆಗಳ ಈ ಹಾದಿ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೂ ಕೋಲಾರದ್ದೇ ನಿದರ್ಶನವಿದೆ. 1940ರಲ್ಲಿ ಕೋಲಾರದಲ್ಲಿ ಹುಟ್ಟಿದ ಓಟಗಾರ ಕೆನೆತ್ ಪೊವೆಲ್ 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಓಡಿದರು, 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಅವರಿಗೆ ನೌಕರಿ ಕೊಟ್ಟು ಆಸರೆಯಾದದ್ದು ಬೆಂಗಳೂರಿನ ಐಟಿಐ ಕಾರ್ಖಾನೆ.

ಆದರೆ ಯಜಮಾನನ ಆಟ ಯಜಮಾನನಷ್ಟೇ ಬಾಳುತ್ತದೆ. ಗಣಿಯ ಕ್ಲಬ್ಬು ಮೊದಲು ಯಾರದು? ಬಿಳಿಯ ಅಧಿಕಾರಿಗಳದು. ಮೂರು ಸಾವಿರ ಮೀಟರಿಗೂ ಹೆಚ್ಚು ಆಳ ಹೋದ ಚಾಂಪಿಯನ್ ರೀಫ್‌ನಲ್ಲಿ ಬಂಡೆ ಒಡೆದ ಕಾರ್ಮಿಕ ಲೈನುಮನೆಯವನು, ಕ್ಲಬ್ಬಿನ ಅಂಗಳ ಅವನಿಗಲ್ಲ. ಅವನ ಮಕ್ಕಳಿಗೆ ಆಟ ಹಕ್ಕಾಗಿ ಬರಲಿಲ್ಲ, ಕಂಪನಿ ಕೊಟ್ಟಷ್ಟು ಬಂತು. 1956ರಲ್ಲಿ ಮೈಸೂರು ಸರ್ಕಾರ ಗಣಿಯನ್ನು ವಹಿಸಿಕೊಂಡಿತು, 1962ರಲ್ಲಿ ಅದು ಕೇಂದ್ರಕ್ಕೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು, 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಗಣಿ ನಿಂತಾಗ ಗಣಿಯ ಆಟದ ವ್ಯವಸ್ಥೆಗೂ ದಿಕ್ಕಿಲ್ಲದಂತಾಯಿತು, ಅದನ್ನು ಉಳಿಸಿಕೊಳ್ಳಬೇಕಾದ ಕಾನೂನಿನ ಹೊಣೆ ಯಾರ ಮೇಲೂ ಇರಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಬೂದಿಕೋಟೆಯೇ ಈ ಮಾತಿಗೆ ಸಾಕ್ಷಿ ನುಡಿಯುತ್ತದೆ. ಸಿರಾ ಸುಬೇದಾರರ ಕೃಪೆಯಿಂದ ಹೈದರನ ತಂದೆ ಫತೇ ಮಹಮ್ಮದನಿಗೆ ಕೋಲಾರದ ಫೌಜುದಾರಿ ಸಿಕ್ಕಿತು, ಬೂದಿಕೋಟೆ ಜಹಗೀರಾಯಿತು. 1720ರ ದಶಕದ ಕೊನೆಗೆ ಸುಬೇದಾರಿಯ ಜಗಳದಲ್ಲಿ ತನ್ನ ಒಡೆಯನ ಪರವಾಗಿ ಕಾದಾಡಿ ಅವನು ಸತ್ತ. ಹುದ್ದೆ, ಜಹಗೀರು ಎರಡೂ ಹೋದವು. ದೊಡ್ಡಬಳ್ಳಾಪುರದಲ್ಲಿ ಅಬ್ಬಾಸ್ ಕುಲಿ ಖಾನ್ ಆ ಸಂಸಾರದ ಸೊತ್ತು ಕಸಿದ, ಬಾಕಿ ಹಣ ಕಕ್ಕಿಸಲು ಶಹಬಾಜ್ ಮತ್ತು ಹೈದರ್ ಎಂಬ ಇಬ್ಬರು ಪುಟ್ಟ ಮಕ್ಕಳನ್ನು ನಗಾರಿಯೊಳಗೆ ಕೂಡಿಸಿ ಹಿಂಸಿಸಿದ ಎಂದು ಚರಿತ್ರಕಾರರು ಬರೆದಿದ್ದಾರೆ. ಕೊಟ್ಟವನ ಕೈಯಲ್ಲೇ ಇಡೀ ಅಧಿಕಾರವಿದ್ದಾಗ ಹುದ್ದೆಗೆ ಅವನಾಚೆ ಆಯುಸ್ಸಿಲ್ಲ. ಸಮಿತಿ, ಮಂಡಳಿ, ಸಹಮತಿ ಎಂಬ ಏರ್ಪಾಟು ಹುಟ್ಟಿದ್ದೇ ಇಂಥ ಅನುಭವದ ಮೇಲೆ. ಅದು ನಿಧಾನ ಎಂಬುದಕ್ಕಾಗಿ ಕಿತ್ತೆಸೆಯಬೇಕಾಗಿಲ್ಲ.

ಹೊರಗಿನ ಜಗತ್ತಿನಲ್ಲೂ ಒಬ್ಬರ ಕೈಗೆ ಕೊಟ್ಟ ಮಾತ್ರಕ್ಕೆ ಜಗಳ ತೀರಿಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಅಥ್ಲೆಟಿಕ್ ಡೈರೆಕ್ಟರ್ ಎಂದರೆ ಕೋಟಿಗಟ್ಟಲೆ ಡಾಲರಿನ ವ್ಯವಹಾರ ನಡೆಸುವವನು. ಕ್ರೀಡೆಯ ಮೇಲಿನ ಹಿಡಿತ ವಿಶ್ವವಿದ್ಯಾಲಯದ ಅಧ್ಯಕ್ಷರಲ್ಲೇ ಇರಬೇಕೆಂದು ಅಲ್ಲಿನ ನೈಟ್ ಆಯೋಗ 1991ರಲ್ಲೇ ಹೇಳಿತ್ತು. ಆದರೂ 2017ರ ನವೆಂಬರಿನಲ್ಲಿ ಟೆನೆಸ್ಸಿ ವಿಶ್ವವಿದ್ಯಾಲಯದ ನಿರ್ದೇಶಕ ಜಾನ್ ಕರ್ರಿ ಫುಟ್‌ಬಾಲ್ ಕೋಚ್ ಆಗಿ ಗ್ರೆಗ್ ಶಿಯಾನೊ ಅವರನ್ನು ತರಹೊರಟಾಗ ಅಭಿಮಾನಿಗಳು, ರಾಜಕಾರಣಿಗಳು ಎದ್ದುನಿಂತರು. ಒಪ್ಪಂದ ಮುರಿಯಿತು. ಡಿಸೆಂಬರ್ 1ರಂದು ಕರ್ರಿಯನ್ನು ಪಕ್ಕಕ್ಕೆ ಸರಿಸಿ ಹಳೆಯ ಕೋಚ್ ಫಿಲಿಪ್ ಫುಲ್ಮರ್ ಅವರನ್ನು ಆ ಜಾಗಕ್ಕೆ ಕೂಡಿಸಿದರು. ಆ ಬದಲಾವಣೆ ಮಾಡಿದ ಚಾನ್ಸೆಲರ್ ಬೆವರ್ಲಿ ಡ್ಯಾವೆನ್‌ಪೋರ್ಟ್ ಅವರನ್ನೇ 2018ರ ಮೇ ತಿಂಗಳಲ್ಲಿ ಅಧ್ಯಕ್ಷರು ತೆಗೆದುಹಾಕಿದರು, ಅದಕ್ಕೆ ಬೇರೆ ಕಾರಣಗಳೂ ಇದ್ದವು. ಅಲ್ಲಿ ಜಗಳ ಆದದ್ದು ಹುದ್ದೆಯ ಕೆಲಸ ಏನೆಂದು ಎಲ್ಲರಿಗೂ ಗೊತ್ತಿದ್ದರಿಂದ, ಆ ಕೆಲಸದ ಬೆಲೆ ದೊಡ್ಡದಾದ್ದರಿಂದ. ಹಾಗಾಗಿ ಕುರ್ಚಿ ಒಂದು ದಿನವೂ ಖಾಲಿ ಉಳಿಯಲಿಲ್ಲ. ನಮ್ಮಲ್ಲಿ ಜಗಳ ಮೇಲಿನ ಸಹಿಗಾಗಿ, ಕೆಳಗಿನ ಕುರ್ಚಿ ಖಾಲಿ ಇದ್ದರೂ ಜಗಳ ಮಾಡುವವರಿಗೆ ನಷ್ಟವಿಲ್ಲ. ಬೆಂಗಳೂರಿನಲ್ಲಿ 2022ರ ಏಪ್ರಿಲ್-ಮೇ ತಿಂಗಳಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆದಾಗ ಆತಿಥ್ಯ ವಹಿಸಿದ್ದೂ, ಪದಕಪಟ್ಟಿಯಲ್ಲಿ ಮೊದಲು ನಿಂತದ್ದೂ ಖಾಸಗಿಯ ಜೈನ್ ವಿಶ್ವವಿದ್ಯಾಲಯ. ಖಾಸಗಿಯವರಿಗೆ ಹಣವಿದೆ, ಬೇಗ ತೀರ್ಮಾನಿಸುವ ಅನುಕೂಲವಿದೆ ಎಂಬುದು ಸರಿಯೇ. ಅಷ್ಟೇ ಮುಖ್ಯವಾದ ಇನ್ನೊಂದು ಕಾರಣ, ಕ್ರೀಡಾ ವಿಭಾಗದಿಂದ ತನಗೆ ಏನು ಬೇಕೆಂದು ಅಂಥ ಸಂಸ್ಥೆ ಮೊದಲೇ ನಿಶ್ಚಯ ಮಾಡಿಕೊಂಡಿರುತ್ತದೆ.

ಚುನಾಯಿತ ಸರ್ಕಾರದ ಕೈಗೇ ಅಧಿಕಾರ ಕೊಟ್ಟರೆ ಜನರಿಗೆ ಉತ್ತರದಾಯಿಯಾದವ ನೇಮಿಸಿದಂತಾಗುತ್ತದೆ ಎಂಬ ವಾದ ಈಗ ಬಿಸಿಯಾಗಿದೆ. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಯನ್ನೇ ಕುಲಾಧಿಪತಿ ಮಾಡುವ ಮಸೂದೆಯನ್ನು ವಿಧಾನಸಭೆ 2024ರ ಡಿಸೆಂಬರಿನಲ್ಲಿ ಅಂಗೀಕರಿಸಿತು. ಮರುತಿಂಗಳೇ ಧನಸಹಾಯ ಆಯೋಗದ ಕರಡು ನಿಬಂಧನೆ ಬಂತು, ಕುಲಪತಿ ಆಯ್ಕೆಯಲ್ಲಿ ಕುಲಾಧಿಪತಿಯ ಕೈ ಬಲಪಡಿಸುವಂಥದ್ದು. 2025ರ ಫೆಬ್ರವರಿಯಲ್ಲಿ ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಬೆಂಗಳೂರಿನಲ್ಲಿ ಸೇರಿ ಅದನ್ನು ವಿರೋಧಿಸಿದರು. ರಾಜ್ಯದ ದುಡ್ಡಿನಲ್ಲಿ ನಡೆಯುವ ಸಂಸ್ಥೆಯಲ್ಲಿ ರಾಜ್ಯದ ಜನ ಆರಿಸಿದವರಿಗೆ ಮಾತಿರಬೇಕು ಎಂಬ ನಿಲುವಿನಲ್ಲಿ ನ್ಯಾಯವಿದೆ. ಆದರೆ ಸರ್ಕಾರಿ ಕಾಲೇಜಿನ ಪಿ.ಇ. ಡೈರೆಕ್ಟರನ್ನು ಇಷ್ಟು ಕಾಲ ನೇಮಿಸುತ್ತ ಬಂದಿರುವುದು ಸರ್ಕಾರವೇ ಅಲ್ಲವೇ? ಉತ್ತರದಾಯಿತ್ವ ಅಧಿಕಾರದೊಂದಿಗೆ ತಾನಾಗಿ ಬರುವುದಾಗಿದ್ದರೆ ಆ ಹುದ್ದೆಗಳಾದರೂ ಹೊತ್ತಿಗೆ ಸರಿಯಾಗಿ ತುಂಬುತ್ತಿದ್ದವು. ಮೇಲಿನವರು ಅಧಿಕಾರದ ಪಾಲಿಗಾಗಿ ವಾದಿಸುವಾಗ ಕೆಳಗಿನ ಊರಿನ ದನಿ ಕೇಳುವುದಿಲ್ಲ ಎಂಬುದನ್ನು ಬೂದಿಕೋಟೆ ಇನ್ನೊಂದು ರೀತಿಯಲ್ಲೂ ಕಂಡಿದೆ. 2003ರ ಹೊತ್ತಿಗೆ ಈ ಊರಿನವರು 'ನಮ್ಮ ಧ್ವನಿ' ಎಂಬ ಸಮುದಾಯ ಬಾನುಲಿ ನಡೆಸುತ್ತಿದ್ದರು. ಆಗಿನ ನಿಯಮದಲ್ಲಿ ಸಮುದಾಯ ಬಾನುಲಿಯ ಪರವಾನಗಿ ಸಿಗುತ್ತಿದ್ದದ್ದು ವಿಶ್ವವಿದ್ಯಾಲಯದಂಥ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ಹಳ್ಳಿಯವರು ಕೇಬಲ್ ತಂತಿಯ ಮೇಲೆ ತಮ್ಮ ದನಿ ಹರಿಸಿಕೊಂಡರು, ನಿಯಮ ಸಡಿಲವಾದದ್ದು 2006ರಲ್ಲಿ. ಯಾರಿಗೆ ಏನು ಬೇಕೆಂದು ಹೇಳಬಲ್ಲ ಜನ ಇಲ್ಲಿದ್ದಾರೆ ಎಂಬುದಕ್ಕೆ ಆ ತಂತಿಯೇ ಪುರಾವೆ.

ಆದ್ದರಿಂದ ಹುದ್ದೆಯ ಕೆಲಸ ಬರೆಯುವಾಗ ಇಲ್ಲಿಂದಲೇ ಬರೆಯಲು ಶುರುಮಾಡಬೇಕು ಎನ್ನುತ್ತೇನೆ. ಬರೆದ ಮಾತ್ರಕ್ಕೆ ಲಾಬಿ ನಿಲ್ಲುತ್ತದೆಯೇ ಎಂದು ಕೇಳಬಹುದು. ನಿಲ್ಲುವುದಿಲ್ಲ. ಆದರೆ ವರ್ಷಕ್ಕೆ ಎಷ್ಟು ಕಾಲೇಜುಗಳ ಮೈದಾನಕ್ಕೆ ಹೋಗಬೇಕು, ವಿದ್ಯಾರ್ಥಿಗಳಿಂದ ವಸೂಲಾದ ಕ್ರೀಡಾ ಶುಲ್ಕದಲ್ಲಿ ಎಷ್ಟು ಭಾಗ ಕಾಲೇಜಿಗೆ ಹಿಂದಿರುಗಬೇಕು, ಆಯ್ಕೆ ಪಂದ್ಯ ಎಷ್ಟು ಸಲ ಬೆಂಗಳೂರಿನ ಹೊರಗೆ ನಡೆಯಬೇಕು ಎಂದು ಪರಿನಿಯಮದಲ್ಲೇ ಬರೆದಿದ್ದರೆ ಕುರ್ಚಿ ಖಾಲಿ ಇಟ್ಟವರನ್ನು ಆ ಸಾಲು ತೋರಿಸಿ ಕೇಳಬಹುದು, ನೇಮಕವಾದವರನ್ನೂ ಕೇಳಬಹುದು. ಆಯ್ಕೆಯ ಅಳತೆಗೋಲೂ ಆಗ ಬದಲಾಗಬೇಕಾಗುತ್ತದೆ. 2018ರ ನಿಬಂಧನೆ ಕೇಳುವ 'ಒಳ್ಳೆಯ ತಂಡ ರೂಪಿಸಿದ ಪುರಾವೆ'ಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಹೆಸರಾಂತ ಕಾಲೇಜಿನ ಪಿ.ಇ. ಡೈರೆಕ್ಟರ ಬಳಿ ಆಟಗಾರರು ತಾವಾಗಿ ಬಂದು ಸೇರುತ್ತಾರೆ, ಪದಕದ ಪಟ್ಟಿ ಉದ್ದವಾಗುತ್ತದೆ. ಕೆಜಿಎಫ್ ಕಡೆಯ ಹುಡುಗರು ಮಾರಿಕುಪ್ಪಂನಿಂದ ಬೆಳಗಿನ ರೈಲು ಹಿಡಿದು ಬಂಗಾರಪೇಟೆ ದಾಟಿ ಬೆಂಗಳೂರಿನ ದುಡಿಮೆಗೆ ಹೋಗುವ ಮನೆಗಳವರು. ಅಭ್ಯಾಸಕ್ಕೆ ಅವರಿಗಿರುವುದು ರೈಲಿಗೆ ಮುಂಚಿನ ಅರ್ಧ ತಾಸು ಅಥವಾ ಭಾನುವಾರ. ಅಂಥವರನ್ನು ಕೂಡಿಸಿ ಒಂದು ಖೋಖೋ ತಂಡವನ್ನು ವಲಯ ಮಟ್ಟದ ಎರಡನೆಯ ಸುತ್ತಿಗೆ ಮುಟ್ಟಿಸಿದ ಬಂಗಾರಪೇಟೆಯ ಡೈರೆಕ್ಟರರ ಕಡತದಲ್ಲಿ ಪದಕವಿರುವುದಿಲ್ಲ. ನೇಮಕಾತಿ ಮಂಡಳಿ ಕೂತು ಎರಡು ಕಡತವನ್ನು ಪಕ್ಕಪಕ್ಕ ಇಟ್ಟುಕೊಂಡಾಗ ಪದಕ ಎಣಿಸಬೇಕೋ, ಇದ್ದ ಮಕ್ಕಳನ್ನು ಎಲ್ಲಿಂದ ಎಲ್ಲಿಗೆ ತಂದರು ಎಂಬುದನ್ನು ಅಳೆಯಬೇಕೋ ಎಂದು ಇವತ್ತಿನ ನಿಬಂಧನೆ ಹೇಳುವುದಿಲ್ಲ. ಕೋಲಾರದ ವಿಶ್ವವಿದ್ಯಾಲಯ ತನ್ನ ಪರಿನಿಯಮದಲ್ಲಿ ಎರಡನೆಯದನ್ನು ಬರೆದುಕೊಳ್ಳಲು ರಾಜಭವನದ ಅಪ್ಪಣೆಗೂ ವಿಧಾನಸೌಧದ ಜಗಳ ಮುಗಿಯುವುದಕ್ಕೂ ಕಾಯದೆ ಮೊದಲ ಕರಡನ್ನು ಈ ವರ್ಷವೇ ಸಿಂಡಿಕೇಟಿನ ಮುಂದೆ ಇಡಬಹುದು.